ಊಟಕ್ಕೆ ಮೊದಲು

ಊರಿನಲ್ಲಿ ಉತ್ತರ ಕರ್ನಾಟಕ ಬೇರೆ ರಾಜ್ಯವಾಗಬೇಕೆಂಬ ಕೂಗು ಮತ್ತೆ ಎದ್ದಿದ್ದ ವರ್ಷ ಅದು. ಇಲ್ಲಿ ಅಮೆರಿಕದ ರಾಕ್‌ವಿಲ್‌ನಲ್ಲಿ ನಮ್ಮ ಕಡೆಯ ಹಿರಿಯ ಡಾಕ್ಟರೊಬ್ಬರು, ಕನ್ನಡ ಸಂಘ ಬಿಟ್ಟು ನಮ್ಮದೇ ಸಂಘ ಕಟ್ಟೋಣ ಎನ್ನುತ್ತಿದ್ದರು. ನಾನು ಒಪ್ಪಿರಲಿಲ್ಲ.

"ಅಲ್ರೀ ಕಾಕಾ, ಇರೋದ ನಾಕ ಮಂದಿ. ಅದರಾಗೂ ಪಾಲ ಮಾಡೂದೇನ?"

"ಊರಾಗ ನಮ್ಮ ನೀರು, ನಮ್ಮ ರಸ್ತೆ ಕೊನೀಗೆ. ಇಲ್ಲಿ ನಿಮ್ಮ ಹಾಡು ಯಾವಾಗ ಇಡ್ತಾರ, ಹೇಳ ನೋಡೂಣು."

ಅಜ್ಜಿ ಜೋಳ ಬೀಸುತ್ತ ಹೇಳಿಕೊಟ್ಟ ಹಾಡುಗಳನ್ನು ನಾವು ಆರು ಹೆಂಗಸರು ಪ್ರತಿ ರಾಜ್ಯೋತ್ಸವದಲ್ಲೂ ಹಾಡುತ್ತಿದ್ದೆವು. ಪ್ರತಿ ಸಲವೂ ಕೊನೆಗೆ, ಊಟಕ್ಕೆ ಕರೆದ ಮೇಲೆ.

"ಈ ಸಲ ಊಟಕ್ಕ ಮೊದಲ ಹಾಡ್ತೀವಿ. ಆಗಲಿಲ್ಲಂದ್ರ ನಿಮ್ಮ ಸಂಘದಾಗ ಮೊದಲನೇ ಹೆಸರು ನಂದ ಬರೀರಿ" ಎಂದುಬಿಟ್ಟೆ.

ಸಂಘದ ಕಾರ್ಯದರ್ಶಿ ಮೈಸೂರಿನವಳು, ನಗುಮುಖದ ಹುಡುಗಿ. "ಆಂಟಿ, ಹನ್ನೊಂದೂವರೆಗೆ ನಿಮ್ಮ ಸ್ಲಾಟ್ ಫಿಕ್ಸ್" ಎಂದು ಪಟ್ಟಿಯನ್ನೂ ಕಳಿಸಿದಳು. ಅದನ್ನು ಡಾಕ್ಟರಿಗೆ ಫಾರ್ವರ್ಡ್ ಮಾಡಿ ಬೀಗಿದೆ.

ಆ ದಿನ ಸೆಂಟರ್‌ವಿಲ್‌ನ ಶಾಲೆಯೊಂದರಲ್ಲಿ ಇಳಕಲ್ ಸೀರೆಯುಟ್ಟು ತೆರೆಯ ಹಿಂದೆ ನಿಂತಿದ್ದೆವು. ಊರಿಂದ ಬಂದ ಅತಿಥಿ ಏಕೀಕರಣದ ಬಗ್ಗೆ ಮಾತು ಶುರುಮಾಡಿದರು. ನಾವೆಲ್ಲ ಒಂದೇ ಎಂದು ಹೇಳಿ ಮುಗಿಸಲು ಅವರಿಗೆ ಒಂದು ಗಂಟೆ ಹಿಡಿಯಿತು. ಹುಡುಗಿ ಓಡಿ ಬಂದಳು.

"ಆಂಟಿ, ಮಕ್ಕಳು ಹಸ್ಕೊಂಡಿದಾರೆ, ಲಂಚ್ ಓಪನ್ ಮಾಡ್ಬಿಡ್ತೀವಿ. ನೀವು ಆಮೇಲೆ ಹಾಡಿ, ಪ್ಲೀಸ್. ಬೇರೆಯವರಿಗೆ ಹೇಳಿದ್ರೆ ಜಗಳ ಮಾಡ್ತಾರೆ."

ಇಷ್ಟು ವರ್ಷ ಜಗಳ ಮಾಡದೆ ಇದ್ದುದಕ್ಕೆ ಸಿಕ್ಕ ಬಹುಮಾನ ಅದು.

ಹಾಡಿದೆವು. ಖಾಲಿ ಕುರ್ಚಿಗಳ ನಡುವೆ ಡಾಕ್ಟರೂ ಅವರ ಹೆಂಡತಿಯೂ ಕೂತಿದ್ದರು. ಬಾಗಿಲಾಚೆಯಿಂದ ತಟ್ಟೆಗಳ ಸದ್ದು, ಬಿಸಿಬೇಳೆಬಾತಿನ ವಾಸನೆ ಬರುತ್ತಿತ್ತು. ಯಾರೂ ನಮ್ಮನ್ನು ಹೊರಗೆ ಹಾಕಿರಲಿಲ್ಲ, ಊಟಕ್ಕೆ ಹೋಗಿದ್ದರು, ಅಷ್ಟೆ. ಆ ಹುಡುಗಿ ನಮಗಾಗಿ ಆರು ತಟ್ಟೆ ತೆಗೆದೂ ಇಟ್ಟಿದ್ದಳು. ಬೈಯಲು ಒಬ್ಬರೂ ಸಿಗದ ಸಿಟ್ಟನ್ನು ಎಲ್ಲಿಗೆ ಒಯ್ಯುವುದು?

ಪಾರ್ಕಿಂಗ್ ಲಾಟಿನಲ್ಲಿ ಡಾಕ್ಟರು ಹಂಗಿಸಲಿಲ್ಲ. "ಹಾಡು ಛಲೋ ಆತವಾ" ಎಂದು ಕಾರಿನ ಬಾಗಿಲು ತೆಗೆದರು. ನಾನೇ ತಡೆದೆ.

"ಕಾಕಾ, ನನ್ನ ಹೆಸರು ಬರಕೊಳ್ರಿ."

"ಸಿಟ್ಟಿನಾಗ ಹೇಳಬ್ಯಾಡ. ರಾತ್ರಿ ಮಲಗಿ ಎದ್ದು, ನಾಳೆ ಫೋನ್ ಮಾಡು."

ಮರುದಿನ ಅವರು ಚಹಾ ಕುಡಿಯುವ ಮೊದಲೇ ಫೋನ್ ಮಾಡಿದೆ.