ಜಗಲಿಯ ಮೇಲಿನ ಗುಳಿಗೆ

1955ರಲ್ಲಿ ನಾನು ಗಜೇಂದ್ರಗಡದ ದವಾಖಾನೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆಯುವುದು, ಸೂಜಿಗಳನ್ನು ಕುದಿಸುವುದು, ಆಮೇಲೆ ರೋಗಿಗಳು. ಈ ಕ್ರಮ ತಪ್ಪುತ್ತಿರಲಿಲ್ಲ.

ಮಳೆಗಾಲ ಮುಗಿಯುತ್ತಿದ್ದಾಗ ನೇಕಾರ ಈರಪ್ಪ ತನ್ನ ಏಳು ವರ್ಷದ ಮಗಳು ಶಾಂತವ್ವನನ್ನು ಹೊತ್ತು ತಂದ. ಜೊತೆಗೆ ಅವನ ತಾಯಿ ನೀಲವ್ವ. ಹುಡುಗಿಗೆ ಜ್ವರವಿತ್ತು, ಗಂಟಲು ಕೆಂಪಾಗಿತ್ತು, ಮುಖ ಬಿಳಿಚಿಕೊಂಡಿತ್ತು. ಒಸಡಿನಲ್ಲಿ ರಕ್ತ ಜಿನುಗುತ್ತಿತ್ತು. ಬೆರಳಿನಿಂದ ರಕ್ತ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಸೋಂಕಿನೊಡನೆ ಹೋರಾಡುವ ಬಿಳಿ ಕಣಗಳು ಐದು ಸಾವಿರಕ್ಕಿಂತ ಹೆಚ್ಚಿರಬೇಕಾದಲ್ಲಿ ಸಾವಿರದ ಐದುನೂರೂ ಇರಲಿಲ್ಲ. ಇಂಥ ಮಗುವಿನ ಪ್ರಾಣಕ್ಕೆ ಗಂಟಲುನೋವೂ ಕುತ್ತು ತರಬಹುದು.

“ಮನ್ಯಾಗ ಏನರ ಔಷಧ ಕೊಟ್ಟೀರೇನು?”

“ಕೊಡದ ಇರ್ತೀವೇನ್ರಿ?” ಎಂದಳು ನೀಲವ್ವ. “ಹ್ವಾದ ವರ್ಷ ವಿಷಮಜ್ವರದಾಗ ಕೂಸು ಉಳದದ್ದ ಆ ಗುಳಿಗಿಯಿಂದ. ದೇವರ ಜಗಲಿ ಮ್ಯಾಲ ಇಟ್ಟೀನಿ. ಮೈ ಬಿಸಿ ಆದ್ರ ಒಂದು, ಸಾಲಿಗೆ ಹೋಗಾಕ ಅತ್ರ ಒಂದು.”

ಅದು ಆ ಜ್ವರಕ್ಕೆ ಆಗ ಎಲ್ಲರೂ ಕೊಡುತ್ತಿದ್ದ ಕ್ಲೋರಾಂಫೆನಿಕಾಲ್. ವಿಷಮಜ್ವರಕ್ಕೆ ಒಳ್ಳೆಯ ಔಷಧ. ಆದರೆ ಕೆಲವರಲ್ಲಿ, ಅದೂ ಪದೇ ಪದೇ ತೆಗೆದುಕೊಂಡರೆ, ಮೂಳೆಯೊಳಗೆ ರಕ್ತ ತಯಾರಾಗುವುದನ್ನೇ ತಡೆಯುತ್ತದೆ. ಅದನ್ನು ನಿಲ್ಲಿಸಿ, ಗಂಟಲಿನ ಸೋಂಕಿಗೆ ತಡಮಾಡದೆ ಪೆನಿಸಿಲಿನ್ ಕೊಡಬೇಕಿತ್ತು.

“ಆ ಗುಳಿಗಿ ಒಗೀರಿ” ಎಂದೆ.

“ದೇವರ ಮುಂದಿಂದು ಒಗೀ ಅಂತೀರಲ್ಲ, ನಿಮ್ಮ ಸೂಜೀನೂ ಒಗೀಲೇನು?”

ಮುದುಕಿಯೊಡನೆ ವಾದಿಸಿ ಗೆಲ್ಲುವಷ್ಟು ಸಮಯವಿರಲಿಲ್ಲ.

“ಆತವ್ವಾ, ಅಲ್ಲೇ ಇರಲಿ. ಆದ್ರ ಕೂಸಿನ ಹೆಸರ್ಲೆ ಮುಡಿಪು ಕಟ್ಟು.”

ನೀಲವ್ವ ನನ್ನ ಮುಖ ನೋಡಿದಳು. “ಮುಡಿಪು ಕಟ್ಟಿದ್ರ ಮತ್ತ ಬಿಚ್ಚಾಂಗಿಲ್ರಿ.”

“ನನಗ ಬೇಕಾದದ್ದೂ ಅದ.”

ಅಂದೇ ಸಂಜೆ ಗುಳಿಗೆಯ ಶೀಷೆಯನ್ನು ಹಳದಿ ಬಟ್ಟೆಯಲ್ಲಿ ಕಟ್ಟಿ ದೇವರಿಗೆ ಒಪ್ಪಿಸಿದಳು.

ದಿನವೂ ಪೆನಿಸಿಲಿನ್ ಕೊಟ್ಟೆ. ರಕ್ತ ಬೇಗ ಹೆಪ್ಪುಗಟ್ಟದ ಕಾರಣ ಸೂಜಿ ಚುಚ್ಚಿದ ಜಾಗವನ್ನು ಬಹಳ ಹೊತ್ತು ಒತ್ತಿ ಹಿಡಿಯುತ್ತಿದ್ದೆ. ಜ್ವರ ಇಳಿದು ಗಂಟಲು ವಾಸಿಯಾದ ಮೇಲೆ ಸೂಜಿಯನ್ನೂ ನಿಲ್ಲಿಸಿದೆ.

“ಶಕ್ತಿಗೆ ಇನ್ನೊಂದು ಹಾಕ್ರಿ” ಎಂದ ಈರಪ್ಪ.

“ಇದು ಶಕ್ತಿ ಸೂಜಿ ಅಲ್ಲಪ್ಪಾ. ಹಾಲು ಕುಡಸು, ಹೆಸರುಕಾಳು ತಿನಸು.”

ಪ್ರತಿ ಸೋಮವಾರ ರಕ್ತ ಪರೀಕ್ಷಿಸಿದೆ. ಬಿಳಿ ಕಣಗಳು ನಿಧಾನವಾಗಿ ಏರಿದವು, ಒಸಡು ಒಣಗಿತು. ಚಳಿಗಾಲದಲ್ಲಿ ಹುಡುಗಿ ಮೂಗು ಒರೆಸಿಕೊಳ್ಳುತ್ತ ಬಂದಾಗ ಬೆರಳಿನಿಂದ ರಕ್ತ ತೆಗೆಯುತ್ತ ಕೇಳಿದೆ.

“ಅಜ್ಜಿ ಗುಳಿಗಿ ಕೊಟ್ಟಳೇನು?”

“ಇಲ್ರಿ” ಎಂದಳು, ಮುಖ ಉಬ್ಬಿಸಿಕೊಂಡು. “ಶುಂಠಿ ಕಷಾಯ ಕುಡಿಸಿದಳು. ಮತ್ತ ಸಾಲಿಗೂ ಕಳಿಸಿದಳು.”

ಅಂದಿನ ಎಣಿಕೆ ಆರು ಸಾವಿರ ದಾಟಿತ್ತು.

ಔಷಧ ಬೇಡವೆನ್ನುವುದೂ ಚಿಕಿತ್ಸೆಯೇ. ಆದರೆ ಮನೆಯವರು ನಂಬಿದ್ದನ್ನು ಕಿತ್ತುಕೊಂಡು ಹೇಳಿದರೆ ಆ ಮಾತು ದವಾಖಾನೆಯ ಹೊಸ್ತಿಲು ದಾಟುವುದಿಲ್ಲ. ಇದನ್ನು ನಾನು ನೀಲವ್ವನ ಜಗಲಿಯಿಂದ ಕಲಿತೆ.