ಗಿರಿಜಾಳ ಕೈಗೆ ಒಪ್ಪಿದ ರೀಲ್

ಇವತ್ತು ಮುಂಜಾನೆ ಪಕ್ಕದ ಮನೆಯಲ್ಲಿ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು. ಆ ವಾಸನೆ ಅಥಣಿ ರಸ್ತೆಯ ನಮ್ಮ ಮನೆಗೆ ಬಂದದ್ದೇ ತಡ, ಪೇಪರು ಮಡಚಿಟ್ಟೆ. ನನ್ನ ಹೆಂಡತಿ ಗಿರಿಜಾ ತನ್ನ ಗಾಳದ ದಾರ ಸುತ್ತುವ ರೀಲಿಗೆ ಹಾಕುತ್ತಿದ್ದದ್ದು ಇದೇ ಎಣ್ಣೆ.

ಮೀನು ತಿನ್ನದ ಮನೆಯಲ್ಲಿ ಗಾಳವೇ ಎಂದು ನೀವು ನಗಬಹುದು. ನಮ್ಮ ಓಣಿಯೂ ನಕ್ಕಿತ್ತು. ಅವಳು ಕೃಷ್ಣೆಯ ದಂಡೆಯ ಊರವಳು. ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುವುದು ಚಿಕ್ಕಂದಿನ ಆಟ. ಟಿಕೋಟಾದ ಶಾಲೆಯಲ್ಲಿ ಕಲಿಸುತ್ತಿದ್ದಾಗ ಎದೆಯ ಗಡ್ಡೆಗೆ ಆಪರೇಷನ್ ಆಯಿತು. ಆಮೇಲೆ ಬಲಗೈ ಹೆಗಲಿಗಿಂತ ಮೇಲೆ ಏಳಲಿಲ್ಲ. ಕೈ ಆಡಿಸುತ್ತಿರಬೇಕೆಂದು ಡಾಕ್ಟರು ಹೇಳಿದ್ದನ್ನು ಕೇಳಿ ಅವಳ ಅಣ್ಣ ಪುಣೆಯಿಂದ ಒಂದು ಫ್ಲೈ ರಾಡ್ ತಂದುಕೊಟ್ಟ. ತುದಿಗೆ ಗರಿಯ ಹುಳ ಕಟ್ಟಿ, ಬೀಸಿ ಬೀಸಿ ದಾರ ಎಸೆಯುವ ಕೋಲು. ಒಣಗಿದ ಜೋಳದ ದಂಟಿನಷ್ಟು ಹಗುರ.

ಅದಕ್ಕೆ ರೀಲ್ ಇರಲಿಲ್ಲ. ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ, ಏನೂ ತಿಳಿಯದ ನಾನು, ಎಲ್ಲಕ್ಕಿಂತ ದೊಡ್ಡದನ್ನು ಆರಿಸಿದೆ. ಗಿರಿಜಾ ಅದನ್ನು ಕೋಲಿಗೆ ಸಿಕ್ಕಿಸಿ ಎತ್ತಿದಳು, ಇಳಿಸಿದಳು.

“ಇದು ದೊಡ್ಡ ಮೀನಿಗಿ ಛಲೋರಿ. ನನ್ನ ಕೈಗಲ್ಲ.”

ಕಡೆಗೆ ಅಂಗೈಯಲ್ಲಿ ಅಡಗುವ ರೀಲೊಂದನ್ನು ತರಿಸಿದೆವು. ಹಿಡಿಕೆಯನ್ನು ಒಂದು ಬೆರಳ ಮೇಲಿಟ್ಟರೆ ಕೋಲು ಅತ್ತ ಇತ್ತ ವಾಲದೆ ನಿಂತಿತು. ದೊಡ್ಡ ಮೀನು ಎಳೆದರೆ ಇದು ತಡೆಯಲಾರದೆಂದು ಅಂಗಡಿಯವರು ಎಚ್ಚರಿಸಿದರು. ತನಗೆ ಸಣ್ಣ ಮೀನು, ಗಾಳಿ ಏಳುವ ಮೊದಲಿನ ನಿಂತ ನೀರು, ಇಷ್ಟೇ ಸಾಕೆಂದಳು ಅವಳು.

ರವಿವಾರ ಬೈಕಿನಲ್ಲಿ ಬಬಲೇಶ್ವರದ ಆಚೆಯ ಕೆರೆಗೆ ಹೋಗುತ್ತಿದ್ದೆವು. ಅವಳು ದಾರ ಬೀಸುವಳು. ನಾನು ಜಾಲಿಯ ನೆರಳಿನಲ್ಲಿ ಕೂತು ಇಬ್ಬರ ಪಾಲಿನ ರೊಟ್ಟಿಯನ್ನೂ ಮುಗಿಸುವೆ. ಚಳಿಗಾಲದಲ್ಲಿ ಒಂದು ದಿನ ಕೈ ಹೆಗಲು ದಾಟಿ ಮೇಲೆದ್ದಿತು. ಅವಳು ತಿರುಗಿ ನನ್ನನ್ನೇ ನೋಡಿದಳು. ಗುಣವಾಯಿತೆಂದೇ ನಂಬಿದೆವು.

ಆದರೆ ಎದೆಯ ರೋಗ ಬೆನ್ನುಹುರಿಗೆ ಇಳಿದಿತ್ತು. ಕಡೆಯ ಸಲ ನಿಲ್ಲಲಾಗದೆ ದಂಡೆಯಲ್ಲಿ ಕೂತಳು. ಮೊಣಕೈಗೆ ಆಸರೆ ಕೊಡಲು ಹೋದೆ.

“ಹಿಡೀಬ್ಯಾಡ್ರಿ. ಎಷ್ಟ ದೂರ ಹೋಗತೈತಿ, ಅಷ್ಟ ಹೋಗ್ಲಿ.”

ದಾರ ಕಾಲ ಬುಡದಲ್ಲೇ ಬಿತ್ತು. ಯುಗಾದಿಗೆ ಅವಳಿರಲಿಲ್ಲ.

ಆಮೇಲೆ ಆ ಕಡೆ ಹೋದವನಲ್ಲ. ದೂರದವರು ಯಾರಾದರೂ ಅವಳನ್ನು ಕೇಳಿದರೆ ಮಾತು ತೇಲಿಸಿಬಿಡುತ್ತಿದ್ದೆ. ಇವತ್ತು ಮಾತ್ರ ಮಧ್ಯಾಹ್ನದ ಹೊತ್ತಿಗೆ ಕೋಲು ಹಿಡಿದು ಕೆರೆಗೆ ಹೋದೆ. ಬೀಸಿದ ಮೊದಲ ಸಲವೇ ದಾರ ಜಾಲಿಗೆ ಸಿಕ್ಕಿಕೊಂಡಿತು. ಮುಳ್ಳಿನಿಂದ ಬಿಡಿಸುತ್ತಿದ್ದಾಗ, ಆಗೆಲ್ಲ ನಮ್ಮನ್ನು ನೋಡುತ್ತಿದ್ದ, ಅಲ್ಲಿ ಕುರಿ ಕಾಯುವ ಮುದುಕಿ ಹತ್ತಿರ ಬಂದಳು.

“ಅಕ್ಕಾರು ಬಂದಿಲ್ಲೇನ್ರಿ?”

“ತೀರಿಕೊಂಡಾಳವ್ವಾ,” ಎಂದೆ.

ಆ ಮಾತನ್ನು ನನ್ನ ಬಾಯಿಂದ ನಾನೇ ಕೇಳಿದ್ದು ಅದೇ ಮೊದಲು. ಮುದುಕಿ ಸೆರಗು ಸರಿಮಾಡಿಕೊಂಡು ಏರಿಯ ಮೇಲೆ ಕೂತಳು. ನಾನೂ ಕೂತೆ. ಕುರಿಗಳು ನೀರು ಕುಡಿದು ಮುಗಿಸುವವರೆಗೆ ಇಬ್ಬರೂ ಅಲ್ಲೇ ಇದ್ದೆವು.