ಹತ್ತು ಹನಿ

ಐವತ್ತು ವರ್ಷ ತುಂಬುವವರೆಗೂ ಆಶಾಲತಾ ತನಗೆ ಹೊಟ್ಟೆಕಿಚ್ಚು ಎಂದರೇನೆಂದು ಗೊತ್ತಿಲ್ಲ ಎಂದೇ ತಿಳಿದಿದ್ದಳು. ಇನ್ನೊಬ್ಬರು ಕಿತ್ತುಕೊಳ್ಳುವಂಥದ್ದು ಅಲ್ಲಿಯವರೆಗೆ ತನ್ನ ಬಳಿ ಏನೂ ಇರಲಿಲ್ಲ ಎಂಬುದು ಅವಳಿಗೆ ಆಮೇಲೆ ಹೊಳೆಯಿತು.

ಕುಂದಾಪುರದಲ್ಲಿ ಬಿ.ಎಸ್ಸಿ. ಮುಗಿಸಿದ ವರ್ಷವೇ ಬ್ಯಾಂಕಿನ ಶಾಂತಾರಾಮನ ಕೈ ಹಿಡಿದು ಕೋಲ್ಕತ್ತಕ್ಕೆ ಬಂದವಳು ಅವಳು. ಬಾರಾನಗರದ ಅವರ ಫ್ಲ್ಯಾಟಿನ ಹಿಂದೆ ದೊಡ್ಡದೊಂದು ಪುಕುರ್, ಅಂದರೆ ಕೆರೆ. ನಿಮಾಯ್ ಎಂಬವನು ಅದರಲ್ಲಿ ಮೀನು ಸಾಕುತ್ತಿದ್ದ. ನಾಲ್ಕು ವರ್ಷದ ಹಿಂದೆ ಪರಿಸರ ಇಲಾಖೆಯವರು ವಾರ್ಡಿನ ಕೆರೆಗಳ ನೀರನ್ನು ಅಲ್ಲಿನ ನಿವಾಸಿಗಳೇ ಅಳೆಯಲಿ ಎಂದು ಸಭೆ ಕರೆದು, ವಿಜ್ಞಾನ ಓದಿದವರು ಯಾರಿದ್ದೀರಿ ಎಂದು ಕೇಳಿದರು. "ನನ್ನ ಹೆಂಡ್ತಿ ಕೆಮಿಸ್ಟ್ರಿ ಓದಿದ್ದಾಳೆ" ಎಂದು ಶಾಂತಾರಾಮ ಎದ್ದು ನಿಂತು ಹೇಳಿದ. ಎರಡು ದಿನದ ತರಬೇತಿ ಆಯಿತು. ಒಂದು ಪೆಟ್ಟಿಗೆ ಕೊಟ್ಟರು.

ಪ್ರತಿ ಬುಧವಾರ ಬೆಳಿಗ್ಗೆ ಆರಕ್ಕೆ ಅವಳು ಕೆರೆಯ ಮೆಟ್ಟಿಲಿಳಿದು, ಗುಳ್ಳೆ ಸೇರದಂತೆ ಸೀಸೆಯಲ್ಲಿ ನೀರು ತುಂಬುತ್ತಿದ್ದಳು. ಪೆಟ್ಟಿಗೆಯ ಔಷಧಗಳನ್ನು ಒಂದರ ಹಿಂದೊಂದು ಹಾಕಿದರೆ ನೀರು ಕಡುನೀಲಿಯಾಗುತ್ತಿತ್ತು. ಆಮೇಲೆ ಕೊನೆಯ ಔಷಧವನ್ನು ಹನಿಹನಿಯಾಗಿ ಬಿಡಬೇಕು. ನೀಲಿ ಹೋಗುವವರೆಗೆ ಎಷ್ಟು ಹನಿ ಬೇಕಾಯಿತು ಎಂಬುದೇ ನೀರಿನಲ್ಲಿರುವ ಆಮ್ಲಜನಕದ ಲೆಕ್ಕ. ಎಂಟು ಹನಿಗಿಂತ ಕಡಿಮೆಯಾದರೆ ಮೀನಿಗೆ ಉಸಿರು ಕಟ್ಟುವ ಕಾಲ ಬಂತೆಂದೇ ಅರ್ಥ. ಅವಳು ಸಂಖ್ಯೆಯನ್ನು ವಾಟ್ಸ್ಯಾಪ್ ಗುಂಪಿಗೆ ಹಾಕುತ್ತಿದ್ದಳು, ನಿಮಾಯ್ ಅದನ್ನು ನೋಡಿ ಗಾಳಿಯ ಪಂಪು ಹಚ್ಚುತ್ತಿದ್ದ. ಪಾಡಾದ, ಅಂದರೆ ಕೇರಿಯ, ಮಕ್ಕಳು ಅವಳನ್ನು ಜೊಲ್-ದಿದಿ, ನೀರಿನ ಅಕ್ಕ, ಎಂದು ಕರೆಯತೊಡಗಿದರು. ಯಾರದೋ ಹೆಂಡತಿ, ಯಾರದೋ ತಾಯಿ ಎನ್ನುವುದನ್ನು ಬಿಟ್ಟು ಅವಳಿಗೆ ಸಿಕ್ಕಿದ ಮೊದಲ ಹೆಸರು ಅದು.

ಮೂರನೇ ಮಹಡಿಗೆ ಭವ್ಯಶ್ರೀ ಬಂದದ್ದು ಕಳೆದ ವರ್ಷ. ಬ್ರಹ್ಮಾವರದ ಕಡೆಯ ಹುಡುಗಿ, ಅವಳ ಗಂಡನೂ ಬ್ಯಾಂಕಿನವನೇ. "ಆಶಕ್ಕ, ನಂಗೂ ಕಲಿಸ್ತೀರಾ?" ಎಂದು ಕೇಳಿದವಳಿಗೆ ಆಶಾಲತಾ ಕೈ ಹಿಡಿದು ಹೇಳಿಕೊಟ್ಟಳು. ವಾರ್ಡಿನ ಕೆರೆ ಕಮಿಟಿಯವರು ಅವಳಿಗೂ ಒಂದು ಪೆಟ್ಟಿಗೆ ಕೊಟ್ಟು ಶನಿವಾರವನ್ನು ಒಪ್ಪಿಸಿದರು.

ಆರು ತಿಂಗಳಲ್ಲಿ ಹುಡುಗಿ ಬಂಗಾಳಿ ಕಲಿತಳು. ಒಂದೇ ಮೆಟ್ಟಿಲ ಬಳಿ ನೀರು ತೆಗೆದರೆ ಸಾಲದೆಂದು ನಾಲ್ಕೂ ಮೂಲೆ ಸುತ್ತಿದಳು, ಫೋನಿನಲ್ಲಿ ಕೆರೆಯ ನಕ್ಷೆ ಬರೆದು ಬಣ್ಣ ತುಂಬಿದಳು. ಪರಿಸರ ಇಲಾಖೆಯ ಪ್ರಾದೇಶಿಕ ಕಚೇರಿಯಿಂದ ಬಂದ ಅಧಿಕಾರಿ ಅದನ್ನು ನೋಡಿ, "ಇಡೀ ಕೆರೆ ಕಾಣಿಸಿದ್ದು ಇದೇ ಮೊದಲು" ಎಂದರು. ಪಕ್ಕದಲ್ಲಿದ್ದ ಆಶಾಲತಾಳ ನಾಲ್ಕು ವರ್ಷದ ನೋಟ್‌ಪುಸ್ತಕದ ಎರಡು ಪುಟ ತಿರುವಿ ಮುಚ್ಚಿಟ್ಟರು. ಆ ಸಂಜೆ ಕೆಳಗೆ ಆಡುತ್ತಿದ್ದ ಮಕ್ಕಳು "ಜೊಲ್-ದಿದಿ!" ಎಂದು ಕೂಗಿದ್ದು ಕೇಳಿ ಆಶಾಲತಾ ಬಾಲ್ಕನಿಗೆ ಬಂದಳು. ಕೂಗಿದ್ದು ಭವ್ಯಶ್ರೀಯನ್ನು.

ಅಲ್ಲಿಂದ ಆಶಾಲತಾಳಿಗೆ ಶನಿವಾರಗಳೇ ಬೇಡವಾದವು. ಮೆಟ್ಟಿಲ ಮೇಲೆ ಭವ್ಯಶ್ರೀಯ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಕಿಟಕಿಯ ಪರದೆ ಸರಿಸಿ ನಿಲ್ಲುತ್ತಿದ್ದಳು. ಸೀಸೆಯನ್ನು ನಿಯಮದಂತೆ ಮೂರು ಸಲ ತೊಳೆದಳೋ ಎರಡೇ ಸಲವೋ? ಮೂರು ಸಲ ತೊಳೆದರೆ ನಿರಾಸೆಯಾಗುತ್ತಿತ್ತು. ಪತ್ರೊಡೆ ಮಾಡಿದ ದಿನ ಮೂರನೇ ಮಹಡಿಗೆ ಕಳಿಸುವುದನ್ನು ನಿಲ್ಲಿಸಿದಳು. "ಎಂತ ಆಯ್ತು ನಿಮ್ಮಿಬ್ಬರಿಗೆ?" ಎಂದು ಶಾಂತಾರಾಮ ಕೇಳಿದರೆ, "ಎಂತ ಆಗ್ಲಿಕ್ಕುಂಟು? ನಂಗೆ ಸೊಂಟನೋವು" ಎಂದಳು.

ಜುಲೈನಲ್ಲಿ ಆಶಾಲತಾಳ ಮನೆಗೆ ಹೊಸ ಔಷಧ ಬಂತು. ಕೊನೆಗೆ ಹನಿಹನಿಯಾಗಿ ಬಿಡುವಂಥದ್ದರ ಎರಡು ಬಾಟಲಿ, ಒಬ್ಬೊಬ್ಬರಿಗೆ ಒಂದೊಂದು. ಆಶಾಲತಾ ಎರಡನ್ನೂ ಬೀರುವಿನಲ್ಲಿಟ್ಟಳು. ಅಡುಗೆಮನೆಯ ಕಿಟಕಿಯಲ್ಲಿ ಎರಡು ಬೇಸಿಗೆಯ ಬಿಸಿಲು ತಿಂದ ಹಳೆಯ ಬಾಟಲಿಯನ್ನು ಭವ್ಯಶ್ರೀಗೆ ಕೊಟ್ಟು, "ಸದ್ಯಕ್ಕೆ ಇದೇ ಇರೋದು" ಎಂದಳು.

ರಸಾಯನಶಾಸ್ತ್ರ ಅವಳಿಗೆ ಮರೆತಿರಲಿಲ್ಲ. ಆ ಔಷಧದ ಶಕ್ತಿ ಇಳಿದರೆ ಹನಿ ಹೆಚ್ಚು ಬೇಕಾಗುತ್ತದೆ, ನೀರು ಇರುವುದಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ. ಸಂಖ್ಯೆ ತಪ್ಪಲಿ, ಅಧಿಕಾರಿಯಿಂದ ಒಂದು ಮಾತು ಕೇಳಲಿ, ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ಮೀನಿನ ನೆನಪು ಬರಲಿಲ್ಲ.

ಆಗಸ್ಟ್ ಕೊನೆಯಲ್ಲಿ ಒಂದು ವಾರ ಮೋಡ ಕವಿದು ಗಾಳಿಯೇ ಆಡಲಿಲ್ಲ. ಬುಧವಾರ ಆಶಾಲತಾಳಿಗೆ ಸಿಕ್ಕಿದ್ದು ಆರೇ ಹನಿ. ನಿಮಾಯ್ ಪಂಪು ಹಚ್ಚಿದ. ಶನಿವಾರ ಭವ್ಯಶ್ರೀ ನಾಲ್ಕೂ ಮೂಲೆ ಅಳೆದು ಹತ್ತು ಹನಿ ಎಂದು ಹಾಕಿದಳು. ಕೆರೆ ಸುಧಾರಿಸಿತೆಂದು ಗುಂಪಿನಲ್ಲೆಲ್ಲ ಹೂವಿನ ಚಿತ್ರಗಳು. ನಿಮಾಯ್ ಸಂಜೆಯೇ ಪಂಪು ಬಿಚ್ಚಿ ತನ್ನ ಇನ್ನೊಂದು ಕೆರೆಗೆ ಒಯ್ದ.

ಅದಕ್ಕೂ ಮೊದಲೇ, ಮಧ್ಯಾಹ್ನ ಯಾರೂ ಇಲ್ಲದ ಹೊತ್ತಿಗೆ, ಆಶಾಲತಾ ತಾನೇ ಒಂದು ಸೀಸೆ ನೀರು ತಂದು ನೋಡಿದ್ದಳು. ಐದು ಹನಿ. ನಿಮಾಯ್‌ಗೆ ಒಂದು ಫೋನು ಮಾಡಿದ್ದರೆ ಸಾಕಿತ್ತು. ಅವಳು ಫೋನನ್ನು ಮಗುಚಿ ಇಟ್ಟು ಬಟ್ಟೆ ಮಡಚುತ್ತ ಕುಳಿತಳು. ಯಾರ ಸಂಖ್ಯೆ ಸರಿ ಎಂದು ನಾಳೆ ಎಲ್ಲರೂ ನೋಡಲಿ ಎನಿಸಿತು. ಎದೆಯಲ್ಲಿ ಹಬ್ಬದ ಮುನ್ನಾದಿನದಂಥ ಸಡಗರವಿತ್ತು.

ಭಾನುವಾರ ಬೆಳಗಾದಾಗ ಕೆರೆಯ ಮೇಲೆಲ್ಲ ಬಿಳಿ ಹೊಟ್ಟೆಗಳು. ರೋಹು, ಕಾತ್ಲಾ, ಬೆರಳುದ್ದದ ಮರಿಗಳು. ಬದುಕಿದ್ದವು ಬಾಯಿ ಮೇಲೆತ್ತಿ ಗಾಳಿ ಗುಟುಕರಿಸುತ್ತಿದ್ದವು. ನಿಮಾಯ್ ಸೊಂಟಮಟ್ಟ ನೀರಿನಲ್ಲಿ ನಿಂತು ನೀರಿಗೆ ಗಾಳಿ ಸೇರಲೆಂದು ಬಿದಿರುಗಳುವಿನಿಂದ ಬಡಿಯುತ್ತಿದ್ದ. ಅವಳನ್ನು ಕಂಡು, "ಆಪ್ನಾರ್‌ಟಾಯ್ ಠಿಕ್ ಛಿಲೊ, ಆಶಾದಿ" ಎಂದ. ನಿಮ್ಮ ಲೆಕ್ಕವೇ ಸರಿಯಿತ್ತು. ಅವಳು ಕಾದಿದ್ದ ಮಾತೇ ಅದು. ಕೇಳಿದ ಕೂಡಲೇ ಅವನತ್ತ ನೋಡಲಾರದೆ ಮೆಟ್ಟಿಲ ಕಡೆ ತಿರುಗಿದಳು.

ಭವ್ಯಶ್ರೀ ಮೆಟ್ಟಿಲ ಮೇಲೆ ಕುಳಿತು ಅಳುತ್ತಿದ್ದಳು. "ನಾಲ್ಕು ಸಲ ಎಣಿಸಿದ್ದೆ ಆಶಕ್ಕ. ಹತ್ತೇ ಬಂತು. ಎಲ್ಲಿ ತಪ್ಪಿದೆ ನಾನು?"

"ನೀನು ತಪ್ಪಲಿಲ್ಲ. ಆ ಬಾಟಲಿ ಹಾಳಾದದ್ದು. ನಂಗೆ ಗೊತ್ತಿತ್ತು. ಹೊಸದು ನನ್ನ ಬೀರುವಿನಲ್ಲುಂಟು."

ಹುಡುಗಿ ಅಳು ನಿಲ್ಲಿಸಿ ಅವಳನ್ನೇ ನೋಡಿದಳು. "ಯಾಕೆ?"

"ಹೊಟ್ಟೆಕಿಚ್ಚು" ಎಂದಳು ಆಶಾಲತಾ. ಬೇರೆ ಪದ ಸಿಗಲಿಲ್ಲ.

ಅದೇ ದಿನ ನಿಮಾಯ್‌ಗೂ ಕಮಿಟಿಗೂ ಹೇಳಿದಳು. ಕಮಿಟಿ ಅವಳ ಪೆಟ್ಟಿಗೆಯನ್ನು ವಾಪಸು ತೆಗೆದುಕೊಂಡಿತು. ನಿಮಾಯ್ ಎದುರು ಸಿಕ್ಕರೂ ಮುಖ ತಿರುಗಿಸುತ್ತಿದ್ದ. ಶಾಂತಾರಾಮ ಎರಡು ದಿನ ತಾನೇ ಬಡಿಸಿಕೊಂಡು ಉಂಡ. ಮೂರನೆಯ ದಿನ ಚಹಾ ಮಾಡಿ ತಂದು ಅವಳ ಮುಂದಿಟ್ಟ.

ದುರ್ಗಾಪೂಜೆ ಕಳೆದ ಮೇಲೆ ಭವ್ಯಶ್ರೀ ಬಾಗಿಲು ತಟ್ಟಿದಳು. ಒಳಗೆ ಬರಲಿಲ್ಲ. "ಇನ್ನು ಮೇಲೆ ಇಬ್ಬರು ಒಟ್ಟಿಗೆ ನಿಂತು ಹನಿ ಎಣಿಸ್ಬೇಕು ಅಂತ ಕಮಿಟಿಯಲ್ಲಿ ನಾನೇ ಹೇಳಿದೆ. ನೀವು ಬರ್ಬೇಕು. ಸಿಟ್ಟು ಹೋಗಿದೆ ಅಂತಲ್ಲ. ನೀಲಿ ಹೋಗುವ ಕ್ಷಣ ನಿಮ್ಮಷ್ಟು ಸರಿಯಾಗಿ ನಂಗೆ ಗೊತ್ತಾಗುದಿಲ್ಲ."

ಆಶಾಲತಾ ಹೋದಳು. ಈಗಲೂ ಹೋಗುತ್ತಾಳೆ. ಮಾತು ಕಡಿಮೆ, ಕೆಲಸ ಸರಿಯಾಗಿ ಸಾಗುತ್ತದೆ.

ಜನವರಿಯಲ್ಲಿ ಪ್ರಾದೇಶಿಕ ಕಚೇರಿಯ ಸಭೆಗೆ ಮಾತಾಡಲು ಕರೆದದ್ದು ಭವ್ಯಶ್ರೀಯನ್ನು ಮಾತ್ರ. ಆಶಾಲತಾ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ ಬಂದಳು.

"ಹೇಗೆ ಮಾತಾಡಿದಳು?" ಎಂದ ಶಾಂತಾರಾಮ.

"ಒಂದೂ ತಪ್ಪು ಮಾಡ್ಲಿಲ್ಲ" ಎಂದಳು ಚಪ್ಪಲಿ ಬಿಡುತ್ತ. "ಮಾಡ್ತಾಳೇನೋ ಅಂತ ಕಡೇವರೆಗೂ ಕಾಯ್ತಾ ಇದ್ದೆ."